180 ಸೀಟಿನ ವಿಮಾನಕ್ಕೆ ಬೆಂಕಿ ಆರಿಸುವ ಸಿಲಿಂಡರ್ ಎಷ್ಟಿರಬೇಕು?

ನೀವು ಕೇಳಿದ್ದು: ‘180 ಸೀಟಿನ ವಿಮಾನದಲ್ಲಿ ಮುಂಬಾಗಿಲ ಹತ್ತಿರ ಪುಟ್ಟದೊಂದು ಕೆಂಪು ಸಿಲಿಂಡರ್ ಬಿಟ್ಟರೆ ಬೇರೇನೂ ಕಾಣಲಿಲ್ಲ. ನಿಯಮದಲ್ಲಿ ಇಷ್ಟೇನಾ?’

ಇಷ್ಟೇ ಅಲ್ಲ. ಉಳಿದವು ನಿಮ್ಮ ಕಣ್ಣಿಗೆ ಬೀಳುವ ಜಾಗದಲ್ಲಿ ಇರುವುದಿಲ್ಲ. ದೊಡ್ಡ ಪ್ರಯಾಣಿಕ ವಿಮಾನಗಳ ವಿನ್ಯಾಸಕ್ಕೆ ಅಮೆರಿಕದ ಫಾರ್ 25, ಯುರೋಪಿನ ಸಿಎಸ್ 25 ಎಂಬ ನಿಯಮಗಳಿವೆ. ನಮ್ಮಲ್ಲಿ ಹಾರುವ ಏರ್‌ಬಸ್, ಬೋಯಿಂಗ್‌ಗಳು ಅವುಗಳಡಿ ಪ್ರಮಾಣಪತ್ರ ಪಡೆದೇ ಬರುತ್ತವೆ. ಅದರ 25.851ನೇ ವಿಧಿಯ ಲೆಕ್ಕ ಹೀಗಿದೆ: 7ರಿಂದ 30 ಸೀಟಿಗೆ ಒಂದು, 60ರವರೆಗೆ ಎರಡು, 200ರವರೆಗೆ ಮೂರು, 300ರವರೆಗೆ ನಾಲ್ಕು, ಆಮೇಲೆ ಪ್ರತಿ ನೂರಕ್ಕೆ ಒಂದೊಂದು ಹೆಚ್ಚು. ಅಂದರೆ ನಿಮ್ಮ ವಿಮಾನದ ಕ್ಯಾಬಿನ್‌ನಲ್ಲಿ ಕನಿಷ್ಠ ಮೂರು, ಕಾಕ್‌ಪಿಟ್‌ನಲ್ಲಿ ಬೇರೆಯಾಗಿ ಒಂದು. ಕ್ಯಾಬಿನ್ನಿನ ಮೂರರಲ್ಲಿ ಎರಡಾದರೂ ಹ್ಯಾಲಾನ್ 1211 ಎಂಬ ಬೆಂಕಿ ಆರಿಸುವ ರಾಸಾಯನಿಕ ಅಥವಾ ಅದಕ್ಕೆ ಸರಿಸಮನಾದದ್ದು ತುಂಬಿದವಾಗಿರಬೇಕು.

ಗಾತ್ರ ನೋಡಿ ಅಳೆಯಬೇಡಿ. ಮಾಮೂಲಿ ಹ್ಯಾಲಾನ್ ಸಿಲಿಂಡರಿನಲ್ಲಿ ಇರುವುದು ಸುಮಾರು 1.1 ಕಿಲೋ ದ್ರವ್ಯ, ಒತ್ತಿ ಹಿಡಿದರೆ ಸುಮಾರು ಎಂಟು ಹತ್ತು ಸೆಕೆಂಡಿನಲ್ಲಿ ಖಾಲಿ. ಹಾಗಾಗಿ ಎರಡು ಮೂರು ಮೀಟರ್ ದೂರದಿಂದ, ಸಿಲಿಂಡರನ್ನು ನೆಟ್ಟಗೆ ಹಿಡಿದು, ಜ್ವಾಲೆಯ ಬುಡಕ್ಕೆ ಹೊಡೆಯಬೇಕು. ಅಡ್ಡ ಮಲಗಿಸಿದರೆ ಒತ್ತಡದ ಅನಿಲವಷ್ಟೇ ಹೊರಬಂದು ದ್ರವ ಒಳಗೇ ಉಳಿದುಬಿಡುತ್ತದೆ. ಗೋಡೆ ಫಲಕದ ಹಿಂದೆ ಉರಿಯುತ್ತಿದ್ದರೆ ಅಂಗೈಯ ಹಿಂಭಾಗದಿಂದ ಮುಟ್ಟಿ ಬಿಸಿ ಜಾಗ ಹುಡುಕಿ, ನಳಿಕೆ ತೂರುವಷ್ಟೇ ಸಣ್ಣ ತೂತು ಮಾಡುತ್ತಾರೆ. ಫಲಕವನ್ನೇ ಕಿತ್ತರೆ ಬೆಂಕಿಗೆ ಗಾಳಿ ಕೊಟ್ಟಂತೆ. ಸಿಲಿಂಡರಿನ ಪಕ್ಕದಲ್ಲೇ, ಮೂರು ಅಡಿಯೊಳಗೆ, ಹೊಗೆಯಲ್ಲಿ ಉಸಿರಾಡಲು ಸುಮಾರು 15 ನಿಮಿಷದ ಮುಸುಕು ಇರಬೇಕು ಎಂಬ ನಿಯಮವೂ ಇದೆ. ಸಿಬ್ಬಂದಿ ಅದನ್ನು ಮೊದಲು ಹಾಕಿಕೊಂಡು ಆಮೇಲೆ ಸಿಲಿಂಡರ್ ಎತ್ತಬೇಕು. ಆತುರದಲ್ಲಿ ಈ ಕ್ರಮವೇ ತಲೆಕೆಳಗಾಗುವುದು.

ಹಾರಾಟಕ್ಕೆ ಮುಂಚೆ ಸಿಬ್ಬಂದಿ ನೋಡುವುದು ನಾಲ್ಕು ಸಂಗತಿ: ಒತ್ತಡ ಮಾಪಕದ ಮುಳ್ಳು ಹಸಿರಿನಲ್ಲಿದೆಯೇ, ಪಿನ್ನು ಮತ್ತು ಸೀಲು ಇವೆಯೇ, ಕೊಂಡಿ ಭದ್ರವೇ, ದಿನಾಂಕ ಮೀರಿಲ್ಲವೇ. ಆದರೆ ಮುಳ್ಳು ತೋರಿಸುವುದು ಒತ್ತಡವನ್ನು, ಹ್ಯಾಲಾನಿನ ತೂಕವನ್ನಲ್ಲ. ಒತ್ತಡಕ್ಕೆಂದು ತುಂಬಿದ ನೈಟ್ರೋಜನ್ ಉಳಿದು ಹ್ಯಾಲಾನ್ ಕಮ್ಮಿಯಾಗಿರಬಹುದು. ಅದಕ್ಕೇ ಕಾರ್ಯಾಗಾರದಲ್ಲಿ ಕಾಲಕಾಲಕ್ಕೆ ತಕ್ಕಡಿಗಿಡುವುದು.

ಶೌಚಾಲಯದ ವಿಷಯಕ್ಕೆ ಬನ್ನಿ. 1973ರ ಜುಲೈ 11ರಂದು ಪ್ಯಾರಿಸ್‌ನ ಓರ್ಲಿ ಹತ್ತಿರ ವಾರಿಗ್ ಕಂಪನಿಯ ಬೋಯಿಂಗ್ 707ರಲ್ಲಿ ಶೌಚಾಲಯದ ಬೆಂಕಿಯ ಹೊಗೆಗೆ ಸಿಕ್ಕಿ 123 ಜನ ಸತ್ತರು. 1983ರಲ್ಲಿ ಏರ್ ಕೆನಡಾದ ಡಿಸಿ-9ರಲ್ಲಿ ಹಿಂಬದಿಯ ಶೌಚಾಲಯದ ಕಡೆಯಿಂದ ಹೊಗೆ ಬಂದು 46 ಜನರಲ್ಲಿ 23 ಮಂದಿ ಹೋದರು. ಈಗ 20 ಅಥವಾ ಹೆಚ್ಚು ಸೀಟಿನ ವಿಮಾನದ ಪ್ರತಿ ಶೌಚಾಲಯದಲ್ಲೂ ಹೊಗೆ ಪತ್ತೆ ಸಾಧನ ಕಡ್ಡಾಯ, ಕಸದ ಡಬ್ಬಿಯ ಮೇಲೆ ತಾನಾಗಿಯೇ ಸಿಡಿಯುವ ಪುಟ್ಟ ಬಾಟಲ್ ಕಡ್ಡಾಯ. ಸುಮಾರು 77 ಡಿಗ್ರಿ ಸೆಲ್ಸಿಯಸ್‌ಗೆ ಅದರ ತುದಿಯ ಬೆಸುಗೆ ಕರಗಿ ಅನಿಲ ಡಬ್ಬಿಯೊಳಗೆ ನುಗ್ಗುತ್ತದೆ. ಇಲ್ಲಿ ಕೈಕೊಡುವುದು ಬಾಟಲ್ ಅಲ್ಲ, ಡಬ್ಬಿಯ ಮುಚ್ಚಳದ ಸ್ಪ್ರಿಂಗ್. ಅದು ಸಡಿಲಾಗಿ ಮುಚ್ಚಳ ಅರೆ ತೆರೆದೇ ನಿಂತರೆ ಅನಿಲ ಹೊರಗೆ, ಗಾಳಿ ಒಳಗೆ. ಅಂದಹಾಗೆ, ಸಿಗರೇಟು ನಿಷೇಧವಾದರೂ ಶೌಚಾಲಯದ ಬಾಗಿಲಿಗೆ ಆ್ಯಶ್‌ಟ್ರೇ ಇರಲೇಬೇಕು. ಕದ್ದು ಸೇದುವವನು ತುಂಡನ್ನು ಕಾಗದದ ಡಬ್ಬಿಗೆ ಹಾಕದಿರಲಿ ಎಂದು.

ಕಾಲ ಕೆಳಗಿನ ಸರಕು ಕೋಣೆಗೆ ಹಾರಾಟದಲ್ಲಿ ಯಾರೂ ಇಳಿಯಲಾಗದು, ಆದ್ದರಿಂದ ನಿಯಮ ಅಲ್ಲಿ ಇನ್ನಷ್ಟು ಬಿಗಿ. ಬೆಂಕಿ ಹತ್ತಿದ ಒಂದು ನಿಮಿಷದೊಳಗೆ ಪೈಲಟ್‌ಗೆ ಎಚ್ಚರಿಕೆ ತಲುಪಬೇಕು. ಮೊದಲ ಬಾಟಲ್ ಕೋಣೆಯ ಗಾಳಿಯಲ್ಲಿ ಹ್ಯಾಲಾನ್ 1301ನ್ನು ಶೇ 5ಕ್ಕೆ ಏರಿಸಿ ಜ್ವಾಲೆ ಬಡಿಯುತ್ತದೆ. ನಂತರ ನಿಧಾನಕ್ಕೆ ಬಿಡುವ ವ್ಯವಸ್ಥೆ ಅದನ್ನು ಶೇ 3ಕ್ಕಿಂತ ಇಳಿಯದಂತೆ ಇಳಿದಾಣದವರೆಗೆ ಕಾಯಬೇಕು. ಇದು ನಂದಿಸುವುದಲ್ಲ, ಅದುಮಿಡುವುದು. ಎರಡೇ ಎಂಜಿನ್‌ನ ವಿಮಾನ, ತುರ್ತಿಗೆ ಇಳಿಯಬಹುದಾದ ನಿಲ್ದಾಣದಿಂದ 180 ನಿಮಿಷದಷ್ಟು ದೂರವಾಗುವ ಮಾರ್ಗದಲ್ಲಿ ಹೋಗಬೇಕಾದರೆ ಅದರ ಮೇಲೆ 15 ನಿಮಿಷ ಸೇರಿಸಿ 195 ನಿಮಿಷಕ್ಕಾಗುವಷ್ಟು ಹ್ಯಾಲಾನ್ ಬೇಕು. ಗೋಡೆಯ ಹೊದಿಕೆ 927 ಡಿಗ್ರಿ ಜ್ವಾಲೆಗೆ ಐದು ನಿಮಿಷ ತಡೆಯಬೇಕು. ಸೂಟ್‌ಕೇಸಿನ ಮೂಲೆ ತಾಗಿ ಹೊದಿಕೆ ಹರಿದರೆ ಹ್ಯಾಲಾನ್ ಸೋರಿಹೋಗುತ್ತದೆ. ಅದನ್ನು ಅನುಮೋದಿತ ಟೇಪಿನಿಂದಲೇ ಮುಚ್ಚಬೇಕು, ಇಲ್ಲವೇ ಕೋಣೆಯನ್ನು ಖಾಲಿ ಬಿಡಬೇಕು. 1996ರಲ್ಲಿ ಫ್ಲೋರಿಡಾದಲ್ಲಿ 110 ಜನರೊಂದಿಗೆ ಬಿದ್ದ ವ್ಯಾಲುಜೆಟ್ ಡಿಸಿ-9ರ ಸರಕು ಕೋಣೆಯಲ್ಲಿ ನಂದಿಸುವ ವ್ಯವಸ್ಥೆಯೇ ಇರಲಿಲ್ಲ. ಗಾಳಿ ಸಿಗದೆ ಬೆಂಕಿ ತಾನೇ ಸಾಯುತ್ತದೆ ಎಂಬುದು ಆಗಿನ ಲೆಕ್ಕ. ಒಳಗಿದ್ದದ್ದೋ ಆಮ್ಲಜನಕ ಉತ್ಪಾದಿಸುವ ಡಬ್ಬಿಗಳು.

ಎಂಜಿನ್‌ಗೆ ಎರಡು ಬಾಟಲ್. ಏರ್‌ಬಸ್ ಎ320ಯಲ್ಲಿ ಫೈರ್ ಗುಂಡಿ ಒತ್ತಿದರೆ ಇಂಧನ, ಹೈಡ್ರಾಲಿಕ್ ಎಲ್ಲ ಮುಚ್ಚಿ ಬಾಟಲ್ ಸಿದ್ಧವಾಗುತ್ತದೆ. ಹಾರಾಟದಲ್ಲಾದರೆ 10 ಸೆಕೆಂಡ್ ಕಾದು ಮೊದಲನೆಯದು, ಎಚ್ಚರಿಕೆ ದೀಪ ಆರದಿದ್ದರೆ ಇನ್ನು 30 ಸೆಕೆಂಡಿಗೆ ಎರಡನೆಯದು. ಆ 10 ಸೆಕೆಂಡ್ ಏಕೆಂದರೆ, ಒಳಹರಿಯುವ ಗಾಳಿ ಕಡಿಮೆಯಾಗದೆ ಬಿಟ್ಟರೆ ಹ್ಯಾಲಾನ್ ಕೊಚ್ಚಿಹೋಗುತ್ತದೆ. ಎಂಜಿನ್ ಹೊದಿಕೆಯೊಳಗೆ ಎಲ್ಲ ಕಡೆಯೂ ಏಕಕಾಲಕ್ಕೆ ಕನಿಷ್ಠ ಅರ್ಧ ಸೆಕೆಂಡ್ ಶೇ 6 ಹ್ಯಾಲಾನ್ ಇರಬೇಕು ಎಂದು ಪರೀಕ್ಷಿಸುತ್ತಾರೆ. ಬಾಟಲಿನ ಬಾಯಿ ಒಡೆಯುವ ಸ್ಕ್ವಿಬ್ ಎಂಬ ಪುಟಾಣಿ ಸ್ಫೋಟಕಕ್ಕೆ ಆಯುಸ್ಸಿದೆ, ಬಳಸದಿದ್ದರೂ ಅವಧಿ ಮುಗಿದಾಗ ಬದಲಿಸಬೇಕು. ಕೆಲವು ವಿಮಾನಗಳಲ್ಲಿ ಬದಲಿಸುವಾಗ ಎರಡು ವೈರು ಅದಲುಬದಲಾದರೆ ಎಡ ಎಂಜಿನ್‌ನ ಬೆಂಕಿಗೆ ಬಿಟ್ಟ ಹ್ಯಾಲಾನ್ ಬಲಗಡೆಗೆ ಹೋಗಬಹುದು. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಭಯಂಕರ ತಪ್ಪು ಇದೇ, ಏಕೆಂದರೆ ಬೆಂಕಿ ಬೀಳುವವರೆಗೂ ಗೊತ್ತಾಗುವುದಿಲ್ಲ.

‘ಹ್ಯಾಲಾನ್ ಓಜೋನ್‌ಗೆ ಕೆಟ್ಟದ್ದಲ್ಲವೇ’ ಎಂದು ಕೆಳಗೆ ಪ್ರತಿಕ್ರಿಯೆಯಲ್ಲಿ ಯಾರಾದರೂ ಕೇಳುತ್ತಾರೆ. ಹೌದು. ಮುಂದುವರಿದ ದೇಶಗಳಲ್ಲಿ ಉತ್ಪಾದನೆ 1994ರಿಂದಲೇ ನಿಂತಿದೆ, ಈಗ ಬಳಸುವುದು ಹಳೆಯ ದಾಸ್ತಾನನ್ನು ಶುದ್ಧಮಾಡಿ. ಹೊಸದಾಗಿ ತಯಾರಾಗುವ ವಿಮಾನಗಳ ಶೌಚಾಲಯಕ್ಕೆ 2011ರ ಕೊನೆಯಿಂದ, ಕೈ ಸಿಲಿಂಡರಿಗೆ 2018ರ ಕೊನೆಯಿಂದ ಬದಲಿ ದ್ರವ್ಯವೇ ಆಗಬೇಕು ಎಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಕಾವೊ ಗಡುವು ಹಾಕಿದೆ.

ಈಗಿನ ನಿಜವಾದ ತಲೆನೋವು ಲಿಥಿಯಂ ಬ್ಯಾಟರಿ. ಹ್ಯಾಲಾನ್ ಜ್ವಾಲೆ ಆರಿಸುತ್ತದೆ, ಬಿಸಿ ತಗ್ಗಿಸುವುದಿಲ್ಲ. ಒಂದು ಸೆಲ್ ಕಾದು ಪಕ್ಕದ್ದನ್ನು ಸುಡುತ್ತ ಹೋಗುತ್ತದೆ. ಆದ್ದರಿಂದ ಮೊದಲು ಹ್ಯಾಲಾನ್, ತಕ್ಷಣ ನೀರು ಅಥವಾ ಜ್ಯೂಸು, ಬಿಟ್ಟುಬಿಡದೆ. ಐಸ್ ಬೇಡ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಬಿಡಿ ಪವರ್‌ಬ್ಯಾಂಕ್ ಸರಕು ಕೋಣೆಗೆ ಹೋಗುವಂತಿಲ್ಲ ಎನ್ನುವುದೂ ಇದಕ್ಕೇ: ಕ್ಯಾಬಿನ್‌ನಲ್ಲಾದರೆ ನೀರು ಸುರಿಯುವ ಕೈಯಿದೆ. 100 ವ್ಯಾಟ್-ಅವರ್, ಅಂದರೆ ಸುಮಾರು 27,000 ಎಂಎಎಚ್ ಮೀರಿದರೆ ಕಂಪನಿಯ ಒಪ್ಪಿಗೆ ಬೇಕು, 160 ಮೀರಿದರೆ ಬರುವಂತೆಯೇ ಇಲ್ಲ. ಇನ್ನು, ಫೋನು ಸೀಟಿನ ಸಂದಿಗೆ ಜಾರಿದರೆ ಸೀಟನ್ನು ಹಿಂದೆ ಮುಂದೆ ಮಾಡಬೇಡಿ, ಯಂತ್ರಕ್ಕೆ ಸಿಕ್ಕಿ ಜಜ್ಜಿದ ಬ್ಯಾಟರಿಯೇ ಹತ್ತಿಕೊಳ್ಳುವುದು. ಗುಂಡಿ ಒತ್ತಿ ಸಿಬ್ಬಂದಿಯನ್ನು ಕರೆಯಿರಿ.