ಬಟನ್ ಒತ್ತಿ ಓಡೋ ಮಗುಗೆ ಮ್ಯೂಸಿಯಂ ತೋರ್ಸೋದು

ಆರು ವರ್ಷದ ಮಗಳು ಸೈನ್ಸ್ ಮ್ಯೂಸಿಯಂನಲ್ಲಿ ಬರೀ ಬಟನ್ ಒತ್ತಿ ಮುಂದಕ್ಕೆ ಓಡ್ತಾಳೆ, ಏನೂ ಕಲೀತಿಲ್ವಾ ಅಂತ ಕೇಳಿದೀರಲ್ಲ ಮೇಡಂ, ಮೊದ್ಲು ಒಂದರ್ಧ ಗಂಟೆ ಓಡೋಕೆ ಬಿಟ್ಬಿಡಿ. ಆಮೇಲೆ ಅವಳಾಗೇ ಯಾವುದರ ಹತ್ರ ವಾಪಸ್ ಹೋಗ್ತಾಳೆ ನೋಡಿ, ಅಲ್ಲೇ ನಿಂತ್ಕೊಳಿ. ಬೋರ್ಡ್ ಓದಿ ಹೇಳೋದು ಬೇಡ, "ಈಗ ಏನಾಗತ್ತೆ ಹೇಳು" ಅಂತ ಕೇಳಿ, ಉತ್ತರ ತಪ್ಪಾದ್ರೂ ಪರ್ವಾಗಿಲ್ಲ, ಆಮೇಲೆ ಬಟನ್ ಒತ್ಲಿ.

ಗಾಳಿಲಿ ತೇಲೋ ಚೆಂಡು ಇದ್ರೆ ಅದನ್ನ ಮಾತ್ರ ಬಿಡ್ಬೇಡಿ. ಗಾಳಿ ಪೈಪ್ ಸ್ವಲ್ಪ ಓರೆ ಮಾಡಿದ್ರೂ ಚೆಂಡು ಬೀಳಲ್ಲ, ಯಾಕಂದ್ರೆ ಅದು ಪಕ್ಕಕ್ಕೆ ಜಾರಿದ ಕೂಡ್ಲೇ ಅದರ ಮೈಗೆ ಅಂಟಿಕೊಂಡು ಹೋಗೋ ಗಾಳಿ ಹೊರಗಡೆ ತಿರುಗತ್ತೆ, ಅದರ ಪ್ರತಿಬಲ ಚೆಂಡನ್ನ ಮತ್ತೆ ಒಳಕ್ಕೆ ತಳ್ಳತ್ತೆ. ಇದನ್ನ ನೀವು ತಿಳ್ಕೊಂಡಿದ್ರೆ ಸಾಕು, ಅವಳು ಕೈ ಅಡ್ಡ ಹಿಡಿದು ಆಡ್ಲಿ.

ಫೂಕೋ ಲೋಲಕ, ಅಂದ್ರೆ ಉದ್ದ ತಂತಿಗೆ ಭಾರದ ಗುಂಡು ಕಟ್ಟಿ ತೂಗಾಡೋಕೆ ಬಿಟ್ಟಿರೋದು, ಇದ್ಯಾ? 1851ರಲ್ಲಿ ಪ್ಯಾರಿಸ್‌ನಲ್ಲಿ ಭೂಮಿ ತಿರುಗೋದನ್ನ ಜನಕ್ಕೆ ತೋರಿಸಿದ್ದೇ ಇದು. ಒಳಗೆ ಬಂದಾಗ ತೂಗೋ ದಿಕ್ಕು ಅವಳ ಕೈಲೇ ಬರೆಸಿಡಿ, ಹೊರಡೋವಾಗ ಹೋಲಿಸಿ, ಭೂಮಿ ತಿರುಗೋದ್ರಿಂದ ಆ ದಿಕ್ಕು ಬದಲಾಗಿರತ್ತೆ, ಸಮಭಾಜಕ ವೃತ್ತದ ಹತ್ರ ಇರೋ ಊರಾದ್ರೆ ಬದಲಾವಣೆ ನಿಧಾನ.

ಮತ್ತೆ ಎಲ್ಲಾ ಹಾಲ್ ಮುಗಿಸ್ಲೇಬೇಕು ಅಂತ ಹಠ ಬೇಡ, ಸುಸ್ತಾದ್ರೆ ಹೊರಟ್ಬಿಡಿ, ಇನ್ನೊಂದ್ಸಲ ಹೋಗ್ಬೋದು.