ಬಾದಾಮಿಯ ಮೆಟ್ಟಿಲು ಫೋಟೋದಲ್ಲಿ ಯಾಕೆ ಚಪ್ಪಟೆಯಾಗಿ ಬರ್ತಾವೆ?

ಡಿಸೆಂಬರಿನಲ್ಲಿ ಬಾದಾಮಿ ಗುಹೆಗಳ ಮೆಟ್ಟಿಲು ಹತ್ತುವಾಗ ಏದುಸಿರು ಬಂತು, ಮನೆಗೆ ಬಂದು ಫೋಟೋ ನೋಡಿದರೆ ನಮ್ಮ ಕಟ್ಟೆಯ ಮೆಟ್ಟಿಲಿನಂತೆ ಕಾಣ್ತಿವೆ, ಎಲ್ಲಿ ತಪ್ಪಿದೆ ಅಂತ ಕೇಳಿದ್ದೀರಿ. ನಾನು ಬಾಗಲಕೋಟೆಯವನು, ಮದುವೆ ಫೋಟೋ ತೆಗೆಯೋದು ಹೊಟ್ಟೆಪಾಡು, ಕೆಲಸ ಇಲ್ಲದ ದಿನ ಬಾದಾಮಿಗೆ ಹೋಗೋದು ಚಟ. ಇದೇ ತಪ್ಪನ್ನು ನಾನು ವರ್ಷಗಟ್ಟಲೆ ಮಾಡಿದ್ದೇನೆ.

ತಪ್ಪು ಕ್ಯಾಮೆರಾದ್ದಲ್ಲ, ನಿಂತ ಜಾಗದ್ದು. ಕೆಳಗೆ ನೇರ ಎದುರು ನಿಂತು ಫೋನ್ ಮೇಲೆತ್ತಿದರೆ ಮೆಟ್ಟಿಲಿನ ಮುಖ ಮಾತ್ರ ಕಾಣುತ್ತದೆ, ಕಾಲಿಡುವ ಜಾಗ ಕಾಣೋದಿಲ್ಲ; ಗೋಡೆ ಮೇಲೆ ಗೆರೆ ಎಳೆದ ಹಾಗೆ. ಮೇಲಿಂದ ತೆಗೆದರೆ ಅದರ ಉಲ್ಟಾ, ಬರೀ ಹಾಸುಗಲ್ಲು. ಒಂದು ಬದಿಗೆ ಸರಿದು ಎರಡೂ ಕಾಣುವಂತೆ ನಿಲ್ಲಿ. ಆಗ ಅಂಚುಗಳು ಗರಗಸದ ಹಲ್ಲಿನಂತೆ ಏರುತ್ತ ಹೋಗ್ತಾವೆ. ಪರದೆ ಮೇಲೆ ಅಡ್ಡ-ಉದ್ದ ಗೆರೆ ತೋರಿಸುವ ಗ್ರಿಡ್ ಆನ್ ಮಾಡಿಕೊಂಡು, ಗುಹೆಯ ಕಂಬ ಫ್ರೇಮಿನಲ್ಲಿ ನೆಟ್ಟಗೆ ಬರುವ ಹಾಗೆ ಹಿಡಿಯಿರಿ. ಕಂಬ ವಾಲಿತೋ, ಏರು ಎಷ್ಟಿದೆ ಅನ್ನೋ ಅಳತೆಯೇ ಕೈತಪ್ಪುತ್ತದೆ. ಎಲ್ಲಾ ಹಿಡಿಸಲಿ ಅಂತ ಫೋನಿನ ಜೂಮಿನಲ್ಲಿ 0.5 ಒತ್ತೋದೂ ಬೇಡ. ಅದರಲ್ಲಿ ಹತ್ತಿರದ ಮೆಟ್ಟಿಲು ಹಿಗ್ಗಿ, ಮೇಲಿನವು ಕುಗ್ಗಿ, ಏರು ಮಲಗಿಬಿಡುತ್ತದೆ. ಹಿಂದೆ ಹೋಗಿ 2 ಅಥವಾ 3ಕ್ಕೆ ಇಟ್ಟರೆ ಮೆಟ್ಟಿಲು ಒಂದರ ಮೇಲೊಂದು ಪೇರಿಸಿದಂತೆ ಬರ್ತಾವೆ.

ಆದರೆ ನನಗೆ ನಿಜವಾದ ಪಾಠ ಹೇಳಿದ್ದು ಒಬ್ಬ ಅಜ್ಜಿ. ಬಾದಾಮಿ ಹತ್ತಿರದ ಬನಶಂಕರಿಯಲ್ಲಿ ರೊಟ್ಟಿ-ಮೊಸರು ಮಾರುವವರು, ಅವತ್ತು ಮೊಮ್ಮಗನಿಗೆ ಗುಹೆ ತೋರಿಸಲು ಬಂದಿದ್ದರು. ನಾನು ಜನ ಸರಿಯಲಿ ಅಂತ ಕಾಯುತ್ತಾ ಕೂತಿದ್ದೆ. ಅಜ್ಜಿ ನೋಡಿ ನೋಡಿ ಸಾಕಾಗಿ, "ತಮ್ಮಾ, ಬರೇ ಕಲ್ಲಿಂದೇನ್ ಫೋಟೋ ತಗೀತಿ? ಏರ ಎಷ್ಟೈತಿ ಅಂತ ಕಲ್ಲಿಗೇನ್ ಗೊತ್ತು, ನನ್ನ ಮೊಣಕಾಲಿಗೆ ಗೊತ್ತು" ಅಂದರು. "ಹಂಗಾರ ನಿಮ್ದ ತಗೀಲೇನ್ರಿ ಆಯಿ?" ಅಂದೆ. ಬಲಗಾಲು ಮೇಲಿನ ಮೆಟ್ಟಿಲಿಗಿಟ್ಟು, ಬಲಗೈಯಿಂದ ಅದೇ ಮೊಣಕಾಲು ಒತ್ತಿ, ಎಡಗೈಯಲ್ಲಿ ನಿರಿಗೆ ಎತ್ತಿ ಹಿಡಿದು ಏಳುತ್ತಿದ್ದರು. ಹಿಂದಿನ ಹಿಮ್ಮಡಿ ಆಗಲೇ ಕಲ್ಲು ಬಿಟ್ಟಿತ್ತು. ಆ ಒಂದು ಕ್ಷಣ ಒತ್ತಿದೆ. ಕಡು ನೀಲಿ ಇಳಕಲ್ ಸೀರೆ, ಕೆಂಪು ಮರಳುಗಲ್ಲು, ಮೊಣಕಾಲು ಹೆಚ್ಚುಕಡಿಮೆ ಸೊಂಟದ ಮಟ್ಟಕ್ಕೆ. ತೋರಿಸಿದರೆ, "ಸೆರಗ ಸರಿ ಇಲ್ಲ, ಇನ್ನೊಂದ ತಗಿ" ಅಂದರು. ಎರಡನೆಯದರಲ್ಲಿ ಸೆರಗು ಸರಿ ಇದೆ, ಏರು ಇಲ್ಲ! ನಿಂತು ನೋಡಿ ನಕ್ಕರೆ ಮೆಟ್ಟಿಲೂ ನಿಂತುಬಿಡುತ್ತದೆ. ಹತ್ತುತ್ತಿರುವವರು ಬೇಕು, ಅವರನ್ನು ಕೇಳಿ ತೆಗೆಯಿರಿ.

ಹಾಗೇ ಎರಡನೇ ಗುಹೆಯ ತ್ರಿವಿಕ್ರಮನನ್ನೂ ಸ್ವಲ್ಪ ಹೊತ್ತು ನೋಡಿ. ಕೆಳಗೆ ಕೊಡೆ ಹಿಡಿದ ಗಿಡ್ಡ ವಾಮನ, ಪಕ್ಕದಲ್ಲೇ ಕಾಲು ಚಾಚಿ ಎತ್ತಿದ ತ್ರಿವಿಕ್ರಮ. ಚಪ್ಪಟೆ ಬಂಡೆಯ ಮೇಲೆ ಎತ್ತರ ತೋರಿಸುವ ತಾಪತ್ರಯ ಆ ಶಿಲ್ಪಿಗೂ ಇತ್ತು ನೋಡಿ. ಮೂರನೇ ಗುಹೆ ಚಾಲುಕ್ಯರ ಮಂಗಳೇಶನದು, ಶಕ 500, ಅಂದರೆ ಕ್ರಿ.ಶ. 578ರ ಶಾಸನ ಅಲ್ಲಿದೆ. ಅಷ್ಟು ಹಳೆಯ ಕೆಲಸ.

ಬೆಳಕಿನ ವಿಷಯಕ್ಕೆ ಬಂದರೆ, ಗುಹೆಗಳ ಮುಖ ಉತ್ತರಕ್ಕೆ. ಡಿಸೆಂಬರ್-ಜನವರಿಯಲ್ಲಿ ಪ್ರವಾಸಿಗರು ಜಾಸ್ತಿ, ಆದರೆ ಆಗ ಸೂರ್ಯ ದಕ್ಷಿಣಕ್ಕೆ ವಾಲಿ ಗುಡ್ಡದ ಹಿಂದಿರುತ್ತಾನೆ, ಈ ಮಗ್ಗುಲು ನೆರಳು. ನೆರಳಲ್ಲಿ ಮೆಟ್ಟಿಲಿನ ಅಂಚು ಕರಗಿಹೋಗುತ್ತದೆ. ನಿಮ್ಮ ಫೋಟೋಗಳು ಡಿಸೆಂಬರಿನವು ಅಂದಿರಲ್ಲ, ಅರ್ಧ ಕಾರಣ ಅದೇ. ಬಾದಾಮಿ ಸುಮಾರು 16 ಡಿಗ್ರಿ ಅಕ್ಷಾಂಶದಲ್ಲಿರೋದರಿಂದ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯ ಕೂಡ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ. ಮೇ ತಿಂಗಳ ಬೆಳಿಗ್ಗೆ ಬಿಸಿಲು ಬಂಡೆಯನ್ನು ಸವರಿಕೊಂಡು ಬಂದು ಒಂದೊಂದು ಮೆಟ್ಟಿಲ ಅಂಚಿಗೂ ಗೆರೆ ಎಳೆಯುತ್ತದೆ. ಸೆಕೆ ಮಾತ್ರ ಕೇಳಬೇಡಿ.

ಸೆಕೆ ಬೇಡ ಅಂದರೆ ಅಗಸ್ತ್ಯತೀರ್ಥ ಕೆರೆಯ ಆಚೆ, ಮ್ಯೂಸಿಯಂ ಪಕ್ಕದಿಂದ ಶಿವಾಲಯಗಳಿಗೆ ಹತ್ತುವ ದಾರಿಗೆ ಹೋಗಿ. ನನ್ನನ್ನು ಕೇಳಿದರೆ ಬಾದಾಮಿಯ ಒಳ್ಳೆಯ ಮೆಟ್ಟಿಲುಗಳು ಅಲ್ಲಿಯವೇ. ಎರಡೂ ಕಡೆ ಎತ್ತರದ ಬಂಡೆ, ನಡುವೆ ಇಕ್ಕಟ್ಟಿನ ಸಂದು, ಬಿಸಿಲು ನೆಲ ಮುಟ್ಟೋದು ಹೊತ್ತು ನೆತ್ತಿಗೇರಿದಾಗ ಮಾತ್ರ. ಬಿಸಿಲು ಒಂದು ಬಂಡೆಗೆ ಬಡಿದು ಎದುರಿನದಕ್ಕೆ ಹಾರಿದಾಗ ಸಂದೆಲ್ಲ ಕೆಂಡದ ಬಣ್ಣ. ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿದ್ದರೆ ಫೋನ್ ಆ ಕೆಂಪನ್ನು ತೊಳೆದುಬಿಡುತ್ತದೆ, ಡೇಲೈಟಿಗೆ ಇಡಿ. ಮೇಲೆ ಹೋದ ಮೇಲೆ ತಿರುಗಿ ನೋಡಿದರೆ ಕೆರೆಯಾಚೆ ಗುಹೆಗಳ ಸಾಲು ಕಾಣುತ್ತದೆ, ಜೂಮ್ ಇದ್ದರೆ ಅದನ್ನೂ ತೆಗೆಯಿರಿ.

ಟ್ರೈಪಾಡ್ ಒಯ್ಯಬೇಡಿ, ಪುರಾತತ್ವ ಇಲಾಖೆಯ ಅನುಮತಿ ಬೇಕು. ಕ್ಯಾಮೆರಾ ಕಣ್ಣಿಗಿಟ್ಟುಕೊಂಡು ಹಿಂದಕ್ಕೆ ಹೆಜ್ಜೆ ಇಡಲೇಬೇಡಿ. ನಾನು ಇಟ್ಟು ಮೂರು ಮೆಟ್ಟಿಲು ಕುಂಡಿ ಮೇಲೆ ಜಾರಿದ್ದೇನೆ; ಫಿಲ್ಟರ್ ಒಡೆಯಿತು, ಉರುಳಿದ ಲೆನ್ಸಿನ ಮುಚ್ಚಳವನ್ನು ಮಂಗ ಒಯ್ದಿತು. ಸ್ವಲ್ಪ ಹೊತ್ತು ಕಚ್ಚಿ ನೋಡಿತು, ಆಮೇಲೆ ಕೆಳಗೆಸೆಯಿತು, ಕೈಗೆ ಸಿಗದ ಕಡೆ.