‘ಅಂದರೆ’ ಅನ್ನುವ ಪದಕ್ಕೆ ಎರಡು ಗೆರೆ

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದ ಒಬ್ಬರ ಕಥೆ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ವಯಸ್ಸು, ಊರು, ಕೆಲಸ ಎಲ್ಲ ಬದಲಿಸಿದ್ದೇನೆ.

ಅವರಿಗೆ 34 ವರ್ಷ ಅಂದುಕೊಳ್ಳಿ. ಬೆಂಗಳೂರಿನಲ್ಲಿ ರಾತ್ರಿ ಪಾಳಿಯ ಕೆಲಸ. ಊರಿನಲ್ಲಿ ಅಮ್ಮ ಒಬ್ಬರೇ. ಒಂದು ರಾತ್ರಿ ಅಮ್ಮ ಮೂರು ಸಲ ಫೋನ್ ಮಾಡಿದರು. ಪಾಳಿಯಲ್ಲಿ ಫೋನನ್ನು ಲಾಕರಿನಲ್ಲಿ ಇಡಬೇಕು. ಬೆಳಗ್ಗೆ ಇವರು ನೋಡುವಷ್ಟರಲ್ಲಿ ಅಮ್ಮ ಹೋಗಿಬಿಟ್ಟಿದ್ದರು. ಹೃದಯಾಘಾತ.

ಏಳು ತಿಂಗಳಾದ ಮೇಲೆ ನನ್ನ ಹತ್ತಿರ ಬಂದರು. ಮೊದಲು ನಿದ್ದೆ, ಊಟ ವಿಚಾರಿಸಿದೆ. ಸಾಯಬೇಕು ಅನ್ನಿಸುತ್ತದಾ ಅಂತ ನೇರವಾಗಿ ಕೇಳಿದೆ. ಇಲ್ಲ ಅಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅನ್ನು ಅಲ್ಲೇ ಫೋನಿನಲ್ಲಿ ಸೇವ್ ಮಾಡಿಸಿದೆ. ಆಮೇಲೆ ಅವರು ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದರು.

ನಿದ್ದೆ ಬಾರದೆ ತತ್ವಶಾಸ್ತ್ರದ ವಿಡಿಯೋಗಳನ್ನು ನೋಡಿ ಮಾಡಿಕೊಂಡ ಟಿಪ್ಪಣಿ ಅದು. ಒಂದು ಪುಟದಲ್ಲಿ ಫ್ರೆಂಚ್ ತತ್ವಜ್ಞಾನಿ ಸಾರ್ತ್ರ್ ಬಗ್ಗೆ ಕೆಂಪು ಶಾಯಿಯಲ್ಲಿ ಹೀಗಿತ್ತು: ‘ಸಾರ್ತ್ರ್: ಮನುಷ್ಯ ಸ್ವತಂತ್ರ, ನೆಪ ಹೇಳುವ ಹಾಗಿಲ್ಲ. ಅಂದರೆ ಅಮ್ಮನನ್ನು ಒಂಟಿ ಬಿಟ್ಟಿದ್ದು ನನ್ನ ತಪ್ಪು.’ ಅದರ ಕೆಳಗೆ: ‘ಬುದ್ಧ: ದುಃಖಕ್ಕೆ ಆಸೆ ಕಾರಣ. ಅಂದರೆ ನಾನು ಅಳುತ್ತಿರುವುದು ನನ್ನ ದೌರ್ಬಲ್ಯ.’ ಎರಡು ಕಡೆಯೂ ‘ಅಂದರೆ’ ಪದದ ಕೆಳಗೆ ಜೋಡಿ ಗೆರೆ.

ಓದಿ ನನಗೇ ಸಂಕಟವಾಯಿತು. ಮದ್ದು ಹುಡುಕಿಕೊಂಡು ಹೋದವರು ಬೆತ್ತ ಹಿಡಿದುಕೊಂಡು ಬಂದಿದ್ದರು. ಆ ‘ಅಂದರೆ’ ಆದಮೇಲಿನ ಮಾತನ್ನು ಸಾರ್ತ್ರನೂ ಹೇಳಿಲ್ಲ, ಬುದ್ಧನೂ ಹೇಳಿಲ್ಲ. ಇವರೇ ಸೇರಿಸಿಕೊಂಡದ್ದು.

ಅವರಿಗೆ ಸಾರ್ತ್ರನೇ ಹೇಳಿದ ಒಂದು ಘಟನೆ ಹೇಳಿದೆ. 1945ರಲ್ಲಿ ಪ್ಯಾರಿಸ್ಸಿನ ಒಂದು ಉಪನ್ಯಾಸದಲ್ಲಿ ಅವನು ತನ್ನ ವಿದ್ಯಾರ್ಥಿಯೊಬ್ಬನ ವಿಷಯ ಎತ್ತಿದ್ದ. ಹುಡುಗನ ಅಣ್ಣ 1940ರಲ್ಲಿ ಜರ್ಮನರ ದಾಳಿಗೆ ಸತ್ತಿದ್ದ. ಅಮ್ಮನಿಗೆ ಇವನೊಬ್ಬನೇ ಆಸರೆ. ಇಂಗ್ಲೆಂಡಿಗೆ ಹೋಗಿ ಸೈನ್ಯ ಸೇರಲಾ, ಅಮ್ಮನ ಜೊತೆ ಇರಲಾ ಅಂತ ಕೇಳಿದ. ಸಾರ್ತ್ರ್ ಎರಡನ್ನೂ ಹೇಳಲಿಲ್ಲ. ನೀನು ಸ್ವತಂತ್ರ, ನೀನೇ ಆರಿಸಿಕೋ ಅಂದ. ಯಾವ ನೀತಿ ಪುಸ್ತಕದಲ್ಲೂ ಅದಕ್ಕೆ ಸಿದ್ಧ ಉತ್ತರ ಇಲ್ಲ ಅನ್ನುವುದು ಅವನ ಮಾತು.

“ಆ ಹುಡುಗನಿಗೆ ಎರಡು ದಾರಿಯೂ ಕಣ್ಣೆದುರು ಇದ್ದವು. ನಿಮಗೆ ಆ ರಾತ್ರಿ ಇದ್ದವಾ?”

ತುಂಬಾ ಹೊತ್ತು ಸುಮ್ಮನಿದ್ದರು. “ಫೋನ್ ಲಾಕರಿನಲ್ಲಿತ್ತು ಮೇಡಂ. ಆದರೆ ಊರು ಬಿಟ್ಟು ಬಂದಿದ್ದು ನಾನೇ ಅಲ್ವಾ?”

ಹೌದು, ಅದನ್ನು ನಾನು ತಳ್ಳಿಹಾಕಲಿಲ್ಲ. ಸುಮ್ನೆ ಸಮಾಧಾನ ಹೇಳಿದರೆ ಇಂಥವರಿಗೆ ತಕ್ಷಣ ಗೊತ್ತಾಗುತ್ತದೆ. ಯಾಕೆ ಬಿಟ್ಟಿರಿ ಅಂತ ಕೇಳಿದೆ. ಒಂದೊಂದಾಗಿ ಬಂತು: ಅಪ್ಪನ ಸಾಲ, ಅಕ್ಕನ ಮದುವೆ, ಊರಿನಲ್ಲಿ ಕೆಲಸ ಇಲ್ಲ, ‘ಹೋಗು ಮಗಾ’ ಅಂತ ಅಮ್ಮನೇ ಬಸ್ಸು ಹತ್ತಿಸಿದ್ದು. ಆಗ ಸ್ಪಿನೋಜಾನ ಮಾತು ಬಂತು. ಆಮ್‌ಸ್ಟರ್‌ಡ್ಯಾಮಿನಲ್ಲಿ 1632ರಲ್ಲಿ ಹುಟ್ಟಿದ ತತ್ವಜ್ಞಾನಿ ಅವನು. ಎಸೆದ ಕಲ್ಲಿಗೆ ಬುದ್ಧಿ ಇದ್ದಿದ್ದರೆ ‘ನಾನೇ ಇಷ್ಟಪಟ್ಟು ಹಾರುತ್ತಿದ್ದೇನೆ’ ಅಂದುಕೊಳ್ಳುತ್ತಿತ್ತು, ನಾವೂ ಹಾಗೆಯೇ ಅಂತ ಅವನು ಬರೆದ. ನಮ್ಮನ್ನು ತಳ್ಳಿದ ಕಾರಣಗಳು ನಮಗೆ ಕಾಣುವುದಿಲ್ಲ. ಪಶ್ಚಾತ್ತಾಪ ದೊಡ್ಡ ಗುಣವೇನಲ್ಲ, ಪಶ್ಚಾತ್ತಾಪ ಪಡುವವನು ಎರಡು ಸಲ ನೊಂದವನು ಅಂತಲೂ ಹೇಳಿದ.

ಎರಡು ಸಲ. ಬುದ್ಧನ ಲೆಕ್ಕವೂ ಅದೇ! ಬಾಣ ತಾಗಿದವನು ಗೋಳಾಡುತ್ತಾ ಇನ್ನೊಂದು ಬಾಣ ತಾಗಿಸಿಕೊಂಡ ಹಾಗೆ ನೋಯುತ್ತಾನೆ ಅಂತ ಪಾಳಿ ಭಾಷೆಯ ಒಂದು ಸುತ್ತದಲ್ಲಿ, ಅಂದರೆ ಬುದ್ಧನ ಉಪದೇಶದಲ್ಲಿ, ಇದೆ. ಅಮ್ಮ ಹೋದದ್ದು ಮೊದಲನೆಯದು. ಅದು ನೋಯಲೇಬೇಕು. ‘ಅಂದರೆ’ ಎರಡನೆಯದು.

“ಒಬ್ಬ ಸ್ವತಂತ್ರ ಅಂತಾನೆ, ಇನ್ನೊಬ್ಬ ಇಲ್ಲ ಅಂತಾನೆ. ಯಾರು ಸರಿ ಮೇಡಂ?” ಅಂದರು. ಅದನ್ನು ತೀರ್ಮಾನಿಸುವಷ್ಟು ದೊಡ್ಡವಳು ನಾನಲ್ಲ. ಆದರೆ ಆಗಿಹೋದ ವಿಷಯಕ್ಕೆ ಸ್ಪಿನೋಜಾನನ್ನು ಕೇಳಿ, ನಾಳೆ ಬೆಳಗ್ಗೆ ಏನು ಮಾಡಬೇಕು ಅನ್ನುವುದಕ್ಕೆ ಸಾರ್ತ್ರನನ್ನು ಕೇಳಿ ಅಂದೆ. ಪಂಡಿತರು ಈ ಕಲಬೆರಕೆ ಒಪ್ಪಲಿಕ್ಕಿಲ್ಲ. ಎದುರಿಗೆ ಕೂತಿದ್ದವರ ಭುಜ ಮಾತ್ರ ಸ್ವಲ್ಪ ಸಡಿಲವಾಯಿತು.

ಆಮೇಲೆ ಸಲಹೆ ಕೊಟ್ಟೆ. ಕೊರಗಲು ದಿನಾ ಸಂಜೆ ಅರ್ಧ ಗಂಟೆ ಇಟ್ಟುಕೊಳ್ಳಿ. ಬೇರೆ ಹೊತ್ತಿನಲ್ಲಿ ಬಂದರೆ ‘ಸಂಜೆಗೆ’ ಅನ್ನಿ. ಮಲಗುವ ಮುಂಚೆ ವಿಡಿಯೋ ಬೇಡ. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಿ. ಇನ್ನೊಂದು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು: ಅಕ್ಕನಿಗೆ ಫೋನ್ ಮಾಡಿ. ಬೈಯುತ್ತಾಳೆ ಅಂತ ಹೆದರಿ ಇವರು ತಿಂಗಳುಗಟ್ಟಲೆ ಅಕ್ಕನ ಜೊತೆ ಮಾತು ಬಿಟ್ಟಿದ್ದರು. ಸಾಸಿವೆ ಕಥೆ ನೆನಪಿದೆ ಅಲ್ವಾ? ಮಗು ಕಳೆದುಕೊಂಡ ಕಿಸಾ ಗೋತಮಿಗೆ ಬುದ್ಧ ಅಳಬೇಡ ಅನ್ನಲಿಲ್ಲ. ಮನೆಮನೆಗೆ ಕಳಿಸಿದ. ಅಮ್ಮನನ್ನು ಕಳೆದುಕೊಂಡ ಇನ್ನೊಂದು ಮನೆ ಅಕ್ಕನದೇ.

ಐದನೇ ಭೇಟಿಗೆ ಬಂದಾಗ ಮೂರು ಮಿಸ್ಡ್ ಕಾಲ್‌ನ ಸ್ಕ್ರೀನ್‌ಶಾಟ್ ಇನ್ನೂ ಫೋನಿನಲ್ಲಿತ್ತು. ಅಳಿಸಿ ಅಂತ ನಾನೂ ಹೇಳಲಿಲ್ಲ. ನೋಟ್‌ಬುಕ್ಕಿನ ಕೊನೇ ಪುಟ ತೆರೆದು ತೋರಿಸಿದರು. ಅಕ್ಕ ಹೇಳಿ ಬರೆಸಿದ್ದು, ಅಮ್ಮನ ಸಾರಿನ ಪುಡಿಯ ಅಳತೆ. ಧನಿಯಾ, ಜೀರಿಗೆ, ಕಾಳುಮೆಣಸು. ಮೆಂತ್ಯ ಎಷ್ಟು ಅಂತ ಅಕ್ಕನಿಗೂ ನೆನಪಿಲ್ಲವಂತೆ. ಭಾನುವಾರ ಇಬ್ಬರೂ ಹೋಗಿ ಚಿಕ್ಕಮ್ಮನನ್ನು ಕೇಳುತ್ತಾರಂತೆ.